ಸೋಲುತ್ತಿರುವ ಹಾಕಿ ತಂಡ ತನ್ನ ಸ್ಟಾರ್‌ನನ್ನು ಮಾರಬೇಕಾ, ಇಟ್ಟುಕೊಳ್ಳಬೇಕಾ?

ಹಾಕಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕೊಡಗು. ಅಲ್ಲಿನ ಕೌಟುಂಬಿಕ ಹಾಕಿಯಲ್ಲಿ ಮನೆತನಕ್ಕೊಂದು ತಂಡ. ಸೋತರೆ ಬೈದುಕೊಳ್ಳಬಹುದು, ಮುಂದಿನ ವರ್ಷ ನೋಡೋಣ ಅನ್ನಬಹುದು. ಆದರೆ ಚೆನ್ನಾಗಿ ಆಡುವ ಚಿಕ್ಕಪ್ಪನ ಮಗನನ್ನು ಇನ್ನೊಂದು ಮನೆತನಕ್ಕೆ ಕೊಟ್ಟು, ಬದಲಿಗೆ ಅವರ ಹುಡುಗರಿಬ್ಬರನ್ನು ತರೋಕಾಗಲ್ಲ. ಅಮೆರಿಕ ಮತ್ತು ಕೆನಡಾದ ಐಸ್ ಹಾಕಿಯಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಅದೇ ದಿನನಿತ್ಯದ ವ್ಯವಹಾರ.

ನಿಮ್ಮ ತಂಡ ಸೋಲುತ್ತಲೇ ಇದೆ ಅಂದುಕೊಳ್ಳಿ. ನೀವು ಟಿವಿ ಹಾಕುವುದೇ ಒಬ್ಬ ಆಟಗಾರನಿಗಾಗಿ. ಟೊರಾಂಟೊದಲ್ಲೋ ಸ್ಯಾನ್ ಹೋಸೆಯಲ್ಲೋ ಇದ್ದರೆ ರಾತ್ರಿ ಊಟದ ಹೊತ್ತಿಗೆ, ಬೆಂಗಳೂರಲ್ಲಿದ್ದರೆ ಬೆಳಿಗ್ಗೆ ಐದೂವರೆಗೆ ಕಾಫಿ ಲೋಟ ಹಿಡಿದು. ಅಷ್ಟರಲ್ಲಿ ಸುದ್ದಿ ಬರುತ್ತದೆ: ಅವನನ್ನೇ ಮಾರುತ್ತಾರಂತೆ. ಇರುವ ಒಬ್ಬ ಒಳ್ಳೆಯವನನ್ನೂ ಕಳಿಸಿದರೆ ಉಳಿಯೋದೇನು ಅನ್ನಿಸುತ್ತದೆ, ಅಲ್ವಾ? ಉತ್ತರ ಅಷ್ಟು ಸುಲಭವಿಲ್ಲ. ತಂಡದ ಮುಂದೆ ನಾಲ್ಕೈದು ದಾರಿ ಇರುತ್ತವೆ. ಪ್ರತಿ ದಾರಿಯಲ್ಲೂ ಹೋದವರಿದ್ದಾರೆ, ಗೆದ್ದವರೂ ಇದ್ದಾರೆ, ಕೈ ಸುಟ್ಟುಕೊಂಡವರೂ ಇದ್ದಾರೆ. ಅವರನ್ನು ಪಕ್ಕಪಕ್ಕ ಇಟ್ಟು ನೋಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಟಗಾರ ಎಷ್ಟು ದೊಡ್ಡವನು ಅನ್ನುವುದು ಇಲ್ಲಿ ಅಂದುಕೊಂಡಷ್ಟು ಮುಖ್ಯವಾಗುವುದಿಲ್ಲ. ಅವನ ಒಪ್ಪಂದದಲ್ಲಿ ಎಷ್ಟು ಕಾಲ ಉಳಿದಿದೆ, ಕೊಳ್ಳುವವರು ಯಾರು, ಈ ಎರಡರ ಮೇಲೆಯೇ ಮುಕ್ಕಾಲು ಪಾಲು ನಿಂತಿರುತ್ತದೆ.

ಆಟದ ಹೊರಗಿನ ನಿಯಮಗಳು

‘ಮಾರುವುದು’ ಅಂತ ನಾವು ಬಾಯಿಮಾತಿಗೆ ಅನ್ನುತ್ತೇವೆ. ನಿಜಕ್ಕೂ ಅದು ಅದಲು ಬದಲು, ಅವರ ಮಾತಿನಲ್ಲಿ ಟ್ರೇಡ್. ಐಪಿಎಲ್‌ನಲ್ಲಿ 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಬಂದದ್ದು ಪೂರ್ತಿ ದುಡ್ಡಿನ ವ್ಯವಹಾರ. ಎನ್‌ಎಚ್‌ಎಲ್‌ನಲ್ಲಿ ಈಗ ಹಾಗೆ ಮಾಡುವಂತಿಲ್ಲ. ಆಟಗಾರನಿಗೆ ಬದಲಾಗಿ ಆಟಗಾರರನ್ನು ಕೊಡಬೇಕು, ಇಲ್ಲವೇ ಡ್ರಾಫ್ಟ್ ಪಿಕ್ ಕೊಡಬೇಕು. ಡ್ರಾಫ್ಟ್ ಪಿಕ್ ಅಂದರೆ ಪ್ರತಿ ವರ್ಷ ಬರುವ 18-19ರ ಹೊಸ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಹಕ್ಕು. ಕೆಳಗಿದ್ದ ತಂಡಕ್ಕೆ ಮುಂಚಿನ ಸರದಿ. ಪೂರ್ತಿ ಹಾಗೂ ಅಲ್ಲ, ಮೊದಲ ಸ್ಥಾನಕ್ಕೆ ಲಾಟರಿ ಎತ್ತುತ್ತಾರೆ. ಕಟ್ಟಕಡೆಯ ತಂಡಕ್ಕೂ ಮೊದಲ ಪಿಕ್ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟೇ.

ಎರಡನೆಯದು ಸ್ಯಾಲರಿ ಕ್ಯಾಪ್. 2004-05ರ ಇಡೀ ಸೀಸನ್ ಮುಷ್ಕರದಂಥ ಜಗಳದಲ್ಲಿ ರದ್ದಾದ ಮೇಲೆ ಬಂದದ್ದು ಇದು. ಆಟಗಾರರ ಸಂಬಳಕ್ಕೆ ತಂಡ ಇಷ್ಟೇ ಖರ್ಚು ಮಾಡಬೇಕು ಅನ್ನುವ ಗೆರೆ. ಶುರುವಿನಲ್ಲಿ 3.9 ಕೋಟಿ ಡಾಲರ್ ಇತ್ತು, 2025-26ಕ್ಕೆ 9.55 ಕೋಟಿ ಆಗಿದೆ. ಒಬ್ಬನಿಗೇ ಒಂದು ಕೋಟಿ ಡಾಲರ್ ಕೊಟ್ಟು ತಂಡ ಸೋಲುತ್ತಿದ್ದರೆ ಮ್ಯಾನೇಜರ್‌ಗೆ ನಿದ್ದೆ ಬರುವುದಿಲ್ಲ.

ಮೂರನೆಯದು ಕಾಲ. ಒಪ್ಪಂದ ಮುಗಿದ ದೊಡ್ಡ ಆಟಗಾರ ಜುಲೈ 1ಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು, ಹಳೆಯ ತಂಡಕ್ಕೆ ಬಿಡಿಗಾಸೂ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಬರುವ ಟ್ರೇಡ್ ಡೆಡ್‌ಲೈನ್ ದಾಟಿದರೆ ಆ ಸೀಸನ್‌ಗೆ ಅಂಗಡಿ ಬಾಗಿಲು ಮುಚ್ಚಿದ ಹಾಗೆ. ಇದರ ಜೊತೆಗೆ ದೊಡ್ಡ ಆಟಗಾರರ ಒಪ್ಪಂದದಲ್ಲಿ ‘ನನ್ನ ಒಪ್ಪಿಗೆ ಇಲ್ಲದೆ ಕಳಿಸುವಂತಿಲ್ಲ’ ಅನ್ನುವ ಷರತ್ತೂ ಇರುತ್ತದೆ. ಆಗ ಕೀಲಿಕೈ ಅವನ ಜೇಬಿನಲ್ಲಿ.

ದಾರಿ ಒಂದು: ಸಿಟ್ಟಿನಲ್ಲಿ ಮಾರುವುದು

2005ರ ನವೆಂಬರ್ 30. ಬಾಸ್ಟನ್ ಬ್ರೂಯಿನ್ಸ್ ಹತ್ತರಲ್ಲಿ ಒಂಬತ್ತು ಪಂದ್ಯ ಸೋತಿತ್ತು. ಕ್ಯಾಪ್ಟನ್ ಜೋ ಥಾರ್ನ್‌ಟನ್ ಮಾತ್ರ 23 ಪಂದ್ಯಗಳಲ್ಲಿ 33 ಪಾಯಿಂಟ್ ಗಳಿಸಿದ್ದ. ಹಾಕಿಯಲ್ಲಿ ಗೋಲ್‌ಗೂ ಅಸಿಸ್ಟ್‌ಗೂ (ಗೋಲ್‌ಗೆ ನೆರವಾದ ಪಾಸ್) ತಲಾ ಒಂದು ಪಾಯಿಂಟ್. ಮೂರು ತಿಂಗಳ ಹಿಂದಷ್ಟೇ ಅವನಿಗೆ ಮೂರು ವರ್ಷಕ್ಕೆ 2 ಕೋಟಿ ಡಾಲರ್ ಒಪ್ಪಂದ ಕೊಟ್ಟಿದ್ದರು. ಅಂದರೆ ಯಾವ ಆತುರವೂ ಇರಲಿಲ್ಲ. ಆದರೂ ಅವತ್ತು ಅವನನ್ನು ಸ್ಯಾನ್ ಹೋಸೆ ಶಾರ್ಕ್ಸ್‌ಗೆ ಕೊಟ್ಟು ಮಾರ್ಕೊ ಸ್ಟರ್ಮ್, ಬ್ರಾಡ್ ಸ್ಟುವರ್ಟ್, ವೇಯ್ನ್ ಪ್ರಿಮೊ ಅನ್ನುವ ಮೂವರನ್ನು ತಂದರು. ಒಂದೂ ಡ್ರಾಫ್ಟ್ ಪಿಕ್ ಇಲ್ಲ.

ಆ ಹೊತ್ತಿಗೆ ಶಾರ್ಕ್ಸ್ ಕೂಡ ಸತತ ಹತ್ತು ಪಂದ್ಯ ಸೋತಿತ್ತು. ಎರಡೂ ತಂಡ ಮುಳುಗುತ್ತಿದ್ದವು, ಒಂದು ಮಾತ್ರ ಹಗ್ಗ ಹಿಡಿಯಿತು. ಥಾರ್ನ್‌ಟನ್ ಶಾರ್ಕ್ಸ್‌ಗೆ 58 ಪಂದ್ಯಗಳಲ್ಲಿ 92 ಪಾಯಿಂಟ್ ತಂದ. ಒಟ್ಟು 125. ಲೀಗ್‌ನಲ್ಲೇ ಜಾಸ್ತಿ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಅವನಿಗೇ. ಒಂದೇ ಸೀಸನ್‌ನಲ್ಲಿ ಎರಡು ತಂಡಕ್ಕೆ ಆಡಿ ಅದನ್ನು ಗೆದ್ದ ಮೊದಲಿಗ. ಅವನ ಪಕ್ಕದಲ್ಲಿ ಆಡಿದ ಜೊನಾಥನ್ ಚೀಚೂ 56 ಗೋಲ್ ಹೊಡೆದು ಲೀಗ್‌ನ ಗೋಲ್ ಸರದಾರನಾದ. ಬಾಸ್ಟನ್ ತನ್ನ ವಿಭಾಗದಲ್ಲಿ ಕಡೆಯ ಸ್ಥಾನಕ್ಕೆ ಇಳಿಯಿತು, ಟ್ರೇಡ್ ಮಾಡಿದ ಮ್ಯಾನೇಜರ್ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡ.

ಹಾಗಾದರೆ ಬಾಸ್ಟನ್ ಕೆಟ್ಟಿತಾ? ಇಲ್ಲೊಂದು ತಿರುವು ಇದೆ. ಥಾರ್ನ್‌ಟನ್‌ನ ಸಂಬಳ ಉಳಿದದ್ದರಿಂದ ಮರುವರ್ಷದ ಬೇಸಿಗೆಯಲ್ಲಿ ಕ್ಯಾಪ್‌ನಲ್ಲಿ ಜಾಗ ಇತ್ತು. ಝ್ದೆನೊ ಚಾರಾ ಅನ್ನುವ ಡಿಫೆನ್ಸ್ ಆಟಗಾರ ಬಂದ. 2011ರಲ್ಲಿ ಅವನೇ ಕ್ಯಾಪ್ಟನ್ ಆಗಿ ಸ್ಟ್ಯಾನ್ಲಿ ಕಪ್, ಅಂದರೆ ಲೀಗ್ ಗೆದ್ದವರಿಗೆ ಕೊಡುವ ಕಪ್, ಎತ್ತಿದ. ಟ್ರೇಡ್‌ನಲ್ಲಿ ಬಂದ ಮೂವರಲ್ಲಿ ಒಬ್ಬನೂ ಅಷ್ಟು ಹೊತ್ತಿಗೆ ತಂಡದಲ್ಲಿ ಇರಲಿಲ್ಲ. ಅವರಲ್ಲಿ ಇಬ್ಬರನ್ನು ಕ್ಯಾಲ್ಗರಿಗೆ ಕೊಟ್ಟು ತಂದ ಆಂಡ್ರ್ಯೂ ಫೆರೆನ್ಸ್ ಇದ್ದ, ಅಷ್ಟೇ. ಥಾರ್ನ್‌ಟನ್‌ಗೆ ಇಡೀ ಜೀವಮಾನದಲ್ಲಿ ಕಪ್ ಸಿಗಲಿಲ್ಲ. ಇದನ್ನು ನೋಡಿ ‘ನೋಡಿದ್ರಾ, ಮಾರಿದ್ದೇ ಸರಿ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಾರಾನನ್ನು ತಂದದ್ದು ಒಳ್ಳೆಯ ಕೆಲಸ. ಆದರೆ ಥಾರ್ನ್‌ಟನ್‌ಗೆ ಸಿಕ್ಕ ಬೆಲೆ ಕಡಿಮೆಯೇ. ಒಂದು ಒಳ್ಳೆಯ ಕೆಲಸ ಇನ್ನೊಂದರ ನಷ್ಟವನ್ನು ಮುಚ್ಚಿತು.

ನಮ್ಮ ದನದ ಜಾತ್ರೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣಬಾರದು. ಮಾರುವವನಿಗೆ ಇವತ್ತೇ ಮಾರಲೇಬೇಕು ಅಂತ ಎದುರಿನವನಿಗೆ ಗೊತ್ತಾದರೆ ಒಂದು ಬೆರಳು ಕಡಿಮೆಯಾಗುತ್ತದೆ. ಹತ್ತರಲ್ಲಿ ಒಂಬತ್ತು ಸೋತ ತಂಡ ನವೆಂಬರ್‌ನಲ್ಲಿ ಫೋನ್ ಎತ್ತಿದರೆ ಟವೆಲ್ಲೇ ಇಲ್ಲದೆ ವ್ಯಾಪಾರಕ್ಕೆ ನಿಂತ ಹಾಗೆ.

ದಾರಿ ಎರಡು: ಕಾದು, ಎಳೆಯರಿಗೂ ಪಿಕ್‌ಗಳಿಗೂ ಮಾರುವುದು

ನನಗೆ ಇಷ್ಟವಾದ ದಾರಿ ಇದು. ಇದಕ್ಕೆ ಜೋ ಸ್ಯಾಕಿಕ್ ಮಾಡಿದ್ದಕ್ಕಿಂತ ಒಳ್ಳೆಯ ಪಾಠ ಇಲ್ಲ.

2016-17ರಲ್ಲಿ ಕೊಲರಾಡೊ ಅವಲಾಂಚ್ 82 ಪಂದ್ಯಗಳಲ್ಲಿ ಗೆದ್ದದ್ದು 22. ಲೀಗ್‌ಗೇ ಕಡೆ. ಮ್ಯಾಟ್ ಡುಶೇನ್ ಅನ್ನುವ ಸ್ಟಾರ್‌ಗೆ ಸಾಕಾಗಿತ್ತು, ಬೇರೆ ಕಡೆ ಕಳಿಸಿ ಅಂತ ಕೇಳಿದ. ಸ್ಯಾಕಿಕ್ ಒಂದು ಕಾಲದಲ್ಲಿ ಅದೇ ತಂಡದ ಕ್ಯಾಪ್ಟನ್, ಆಗ ಜನರಲ್ ಮ್ಯಾನೇಜರ್. ಅವನು ಬೆಲೆ ಹೇಳಿ ಸುಮ್ನೆ ಕೂತ. ಡೆಡ್‌ಲೈನ್ ಬಂತು, ಹೋಯಿತು. ಜೂನ್‌ನ ಡ್ರಾಫ್ಟ್ ಬಂತು, ಹೋಯಿತು. ಹೊಸ ಸೀಸನ್‌ನ ಕ್ಯಾಂಪ್‌ಗೆ ಡುಶೇನ್ ಮುಖ ಊದಿಸಿಕೊಂಡೇ ಬಂದ. ಅಭಿಮಾನಿಗಳು ಸ್ಯಾಕಿಕ್‌ಗೆ ಕೆಲಸ ಗೊತ್ತಿಲ್ಲ ಅಂದರು. ಅವನಿಗೆ ಆತುರ ಇರಲಿಲ್ಲ, ಏಕೆಂದರೆ ಡುಶೇನ್‌ನ ಒಪ್ಪಂದ 2019ರ ತನಕ ಇತ್ತು.

2017ರ ನವೆಂಬರ್ 5, ಬ್ರೂಕ್ಲಿನ್. ಐಲ್ಯಾಂಡರ್ಸ್ ವಿರುದ್ಧ ಪಂದ್ಯ ಶುರುವಾಗಿ ಮೊದಲ ಅವಧಿಯೂ ಮುಗಿದಿಲ್ಲ. ಡುಶೇನ್‌ನನ್ನು ಐಸ್‌ನಿಂದ ಕರೆದರು. ಅವನು ಬೆಂಚ್ ಹಾದು ಡ್ರೆಸ್ಸಿಂಗ್ ರೂಮಿನ ಕಡೆ ನಡೆದ, ವಾಪಸ್ ಬರಲಿಲ್ಲ. ಆಡುತ್ತಿರುವಾಗಲೇ ಟ್ರೇಡ್ ಆಗಿತ್ತು. ಟಿವಿಯಲ್ಲಿ ನೋಡುತ್ತಿದ್ದವರಿಗೆ ಪೆಟ್ಟಾಯಿತಾ, ಏನಾಯಿತು ಅಂತ ಒಂದೆರಡು ನಿಮಿಷ ಅರ್ಥವೇ ಆಗಲಿಲ್ಲ.

ಮೂರು ತಂಡಗಳ ವ್ಯವಹಾರ ಅದು. ಡುಶೇನ್ ಒಟ್ಟಾವಾಗೆ, ಒಟ್ಟಾವಾದ ಕೈಲ್ ಟರಿಸ್ ನ್ಯಾಶ್‌ವಿಲ್‌ಗೆ. ಕೊಲರಾಡೊಗೆ ಬಂದದ್ದು ಏಳು: ನಾಲ್ವರು ಆಟಗಾರರು, ಮೂರು ಪಿಕ್. ಅವರಲ್ಲಿ 19 ವರ್ಷದ ಡಿಫೆನ್ಸ್ ಹುಡುಗ ಸ್ಯಾಮುಯೆಲ್ ಜಿರಾರ್ ಇದ್ದ. ಒಟ್ಟಾವಾದ ಮೊದಲ ಸುತ್ತಿನ ಪಿಕ್ ಇತ್ತು. ಒಟ್ಟಾವಾ ಆ ವರ್ಷದ ಬೇಸಿಗೆಯಲ್ಲಷ್ಟೇ ಕಾನ್ಫರೆನ್ಸ್ ಫೈನಲ್, ಅಂದರೆ ಕಪ್‌ನ ಸೆಮಿಫೈನಲ್ ತನಕ ಹೋಗಿತ್ತು. ಹಾಗಾಗಿ ತಮ್ಮ ಪಿಕ್ ಪಟ್ಟಿಯ ಕೆಳಗೆಲ್ಲೋ ಬೀಳುತ್ತದೆ ಅಂತ ಧೈರ್ಯವಾಗಿ ಕೊಟ್ಟರು. ತಂಡ ಕುಸಿಯಿತು. 2018ರ ಪಿಕ್ ಉಳಿಸಿಕೊಂಡು 2019ರದ್ದು ಕೊಡುವ ಅವಕಾಶ ಇತ್ತು, ಹಾಗೇ ಮಾಡಿದರು. 2019ರಲ್ಲಿ ಒಟ್ಟಾವಾ ಇಡೀ ಲೀಗ್‌ಗೆ ಕಡೆ. ಕೊಲರಾಡೊ ಕೈಗೆ ನಾಲ್ಕನೆಯ ಪಿಕ್ ಬಂತು, ಅದರಲ್ಲಿ ಬೋವೆನ್ ಬೈರಮ್‌ನನ್ನು ತೆಗೆದುಕೊಂಡರು. ಅಷ್ಟರಲ್ಲಿ ಒಟ್ಟಾವಾ ಡುಶೇನ್‌ನನ್ನೂ ಕೊಲಂಬಸ್‌ಗೆ ಕಳಿಸಿಯಾಗಿತ್ತು! 2022ರಲ್ಲಿ ಕೊಲರಾಡೊ ಸ್ಟ್ಯಾನ್ಲಿ ಕಪ್ ಗೆದ್ದಾಗ ಜಿರಾರ್, ಬೈರಮ್ ಇಬ್ಬರೂ ತಂಡದಲ್ಲಿದ್ದರು.

ಅದೃಷ್ಟವೂ ಇತ್ತು, ಇಲ್ಲ ಅನ್ನೋಕಾಗಲ್ಲ. 2017ರ ಲಾಟರಿಯಲ್ಲಿ ಕಡೆಯ ಸ್ಥಾನದ ಕೊಲರಾಡೊ ನಾಲ್ಕನೆಯ ಪಿಕ್‌ಗೆ ಜಾರಿತು. ಅಯ್ಯೋ ಅಂದುಕೊಂಡೇ ಆರಿಸಿದ ಹುಡುಗ ಕೇಲ್ ಮಕಾರ್. ಇವತ್ತು ಲೀಗ್‌ನ ಅತ್ಯುತ್ತಮ ಡಿಫೆನ್ಸ್‌ಮನ್ ಯಾರು ಅಂದರೆ ಬಹುತೇಕ ಜನ ಅವನ ಹೆಸರನ್ನೇ ಹೇಳುತ್ತಾರೆ.

ತಮಾಷೆ ಅಂದರೆ ಒಟ್ಟಾವಾ ಇದೇ ಪಟ್ಟನ್ನು ಬೇರೆಯವರ ಮೇಲೆ ಹಾಕಿತು. 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಕ್ಯಾಪ್ಟನ್ ಎರಿಕ್ ಕಾರ್ಲ್‌ಸನ್‌ನನ್ನು ಸ್ಯಾನ್ ಹೋಸೆಗೆ ಕೊಟ್ಟರು. ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿತ್ತು. ಸಿಕ್ಕದ್ದರಲ್ಲಿ ದೊಡ್ಡ ಹೆಸರು ಯಾವುದೂ ಇಲ್ಲ. ಊರಿನ ಜನ ಸಿಟ್ಟಾದರು. ಅದರಲ್ಲಿ ಶಾರ್ಕ್ಸ್‌ನ ಒಂದು ಮೊದಲ ಸುತ್ತಿನ ಪಿಕ್ ಇತ್ತು. ಶಾರ್ಕ್ಸ್ ಆಗ ಬಲವಾದ ತಂಡ, ಆದರೆ ವಯಸ್ಸಾದ ತಂಡ. 2019-20ರಲ್ಲಿ ನೆಲ ಕಚ್ಚಿತು. ಪಿಕ್ ಮೂರನೆಯದಾಯಿತು, ಒಟ್ಟಾವಾ ಅದರಲ್ಲಿ ಟಿಮ್ ಸ್ಟುಟ್ಸ್ಲೆಯನ್ನು ಆರಿಸಿತು. ಶಾರ್ಕ್ಸ್ ಮಾತ್ರ ಅಷ್ಟರಲ್ಲಿ ಕಾರ್ಲ್‌ಸನ್‌ಗೆ ವರ್ಷಕ್ಕೆ 1.15 ಕೋಟಿ ಡಾಲರ್‌ನಂತೆ ಎಂಟು ವರ್ಷ ಬರೆದುಕೊಟ್ಟಿತ್ತು.

ಇವೆರಡರಿಂದ ನಾನು ಕಲಿತದ್ದು ಇಷ್ಟು. ಪಿಕ್ ತಗೊಳ್ಳುವಾಗ ನೀವು ಪಣ ಕಟ್ಟುವುದು ಎದುರಿನ ತಂಡದ ಸೋಲಿನ ಮೇಲೆ. ಗೆದ್ದೇ ಗೆಲ್ಲುತ್ತೇವೆ ಅಂತ ಅಮಲೇರಿದ, ವಯಸ್ಸಾದ ತಂಡದ ಮುಂದಿನ ವರ್ಷದ ಅಥವಾ ಅದರಾಚೆಯ ಪಿಕ್ ಕೇಳಿ. ಈ ವರ್ಷದ್ದು ಬೇಡ.

ಈ ದಾರಿಯ ಕಷ್ಟ ಏನಂದರೆ ಕಾಯುವಿಕೆ ಉದ್ದ. ಕಾರ್ಲ್‌ಸನ್ ಹೋದ ಮೇಲೆ ಒಟ್ಟಾವಾ ಪ್ಲೇಆಫ್ ಮುಖ ನೋಡಿದ್ದು 2025ರಲ್ಲಿ. ಅಷ್ಟು ವರ್ಷ ಖಾಲಿ ಕುರ್ಚಿಗಳಿಗೆ ಆಡಬೇಕು. ಮಾಲೀಕನಿಗೆ ಅಷ್ಟು ತಾಳ್ಮೆ ಇಲ್ಲದಿದ್ದರೆ ಈ ದಾರಿಗೆ ಇಳಿಯಲೇಬಾರದು.

ದಾರಿ ಮೂರು: ಒಬ್ಬನಿಗೆ ಒಬ್ಬ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2016ರ ಜೂನ್ 29ರಂದು ಎಡ್ಮಂಟನ್ ತನ್ನ ಟೇಲರ್ ಹಾಲ್‌ನನ್ನು ನ್ಯೂಜೆರ್ಸಿಗೆ ಕೊಟ್ಟು ಡಿಫೆನ್ಸ್‌ಮನ್ ಆಡಮ್ ಲಾರ್ಸನ್‌ನನ್ನು ತಂದಿತು. ಜೊತೆಗೆ ಒಂದು ಪಿಕ್ ಕೂಡ ಇಲ್ಲ. ಹತ್ತು ವರ್ಷದಿಂದ ಪ್ಲೇಆಫ್ ಕಾಣದ ತಂಡಕ್ಕೆ ಹಿಂಭಾಗ ಸೋರುತ್ತಿತ್ತು, ಅದನ್ನು ಮುಚ್ಚಬೇಕಿತ್ತು. ಮರುವರ್ಷ ಪ್ಲೇಆಫ್‌ಗೆ ಹೋಯಿತು, ನಿಜ. ಅದರಲ್ಲಿ ತಂಡದ ಎಳೆಯ ಸ್ಟಾರ್ ಕಾನರ್ ಮೆಕ್‌ಡೇವಿಡ್‌ನ ಪಾಲು ಎಷ್ಟು, ಲಾರ್ಸನ್‌ನ ಪಾಲು ಎಷ್ಟು ಅಂತ ನೀವೇ ಅಂದಾಜು ಮಾಡಿ. ಹಾಲ್ 2018ರಲ್ಲಿ ಹಾರ್ಟ್ ಟ್ರೋಫಿ ಗೆದ್ದ. ಛಾವಣಿ ಸೋರುತ್ತದೆ ಅಂತ ಬಾಗಿಲು ಕಿತ್ತು ಮೇಲೆ ಹೊದಿಸಿದ ಹಾಗಾಯಿತು.

ತಂಡದಲ್ಲಿ ನಿಜಕ್ಕೂ ಒಂದೇ ಒಂದು ತೂತಿದ್ದರೆ ಮಾತ್ರ ಈ ದಾರಿ ಹಿಡಿಯಬಹುದು. ಕಡೆಯ ಸ್ಥಾನದ ತಂಡಕ್ಕೆ ಒಂದೇ ತೂತು ಇರುವುದು ನಾನಂತೂ ನೋಡಿಲ್ಲ.

ದಾರಿ ನಾಲ್ಕು: ಇಟ್ಟುಕೊಳ್ಳುವುದು

ಇಟ್ಟುಕೊಳ್ಳುವುದರಲ್ಲೂ ಎರಡು ಬಗೆ. ಒಂದು, ಒಪ್ಪಂದ ಉದ್ದ ಇದೆ, ಆಟಗಾರನಿಗೆ ಮನಸ್ಸಿದೆ, ತಂಡದ ಸುತ್ತಲಿನದ್ದನ್ನು ಸರಿಮಾಡೋಣ ಅನ್ನುವುದು. ಇನ್ನೊಂದು, ಮಾರೋಕೆ ಧೈರ್ಯ ಇಲ್ಲದೆ ದಿನ ತಳ್ಳುವುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ಬಗೆಗೆ ನಮ್ಮವರಿಗೆ ಉದಾಹರಣೆ ಬೇರೆ ಬೇಕಿಲ್ಲ. 2008ರಿಂದ ಕೊಹ್ಲಿಯನ್ನು ಬಿಟ್ಟುಕೊಡದೆ, 18ನೇ ಸೀಸನ್‌ನಲ್ಲಿ, 2025ರಲ್ಲಿ ಕಪ್ ಎತ್ತಿದ ಆರ್‌ಸಿಬಿ ಇದೆ. ಆದರೆ ಐಪಿಎಲ್‌ನಲ್ಲಿ ಹರಾಜಿಗೆ ಮೊದಲು ಒಬ್ಬನನ್ನು ಉಳಿಸಿಕೊಳ್ಳುವ ವ್ಯವಸ್ಥೆಯೇ ಇದೆ. ಹಾಕಿಯಲ್ಲಿ ಇಲ್ಲ.

ಹಾಕಿಯಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಕಥೆ ಕೇಳಿ. 2019ರ ಜನವರಿ 3ರ ಬೆಳಿಗ್ಗೆ ಅವರು 31 ತಂಡಗಳಲ್ಲಿ ಕಟ್ಟಕಡೆ. ನವೆಂಬರ್‌ನಲ್ಲೇ ಕೋಚ್‌ನನ್ನು ಬದಲಾಯಿಸಿದ್ದರು. ಕ್ಯಾಪ್ಟನ್ ಪಿಯೆಟ್ರಾಂಜೆಲೊನನ್ನು, ತರಸೆಂಕೊನನ್ನು ಕಳಿಸುತ್ತಾರೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿತ್ತು. ಕಳಿಸಲಿಲ್ಲ. ಜಾರ್ಡನ್ ಬಿನ್ನಿಂಗ್ಟನ್ ಅನ್ನುವ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಗೋಲಿಯನ್ನು (ಗೋಲ್‌ಕೀಪರ್) ನಿಲ್ಲಿಸಿದರು. ಜೂನ್ 12ಕ್ಕೆ ಅದೇ ತಂಡ ಬಾಸ್ಟನ್‌ನಲ್ಲಿ ಫೈನಲ್ ಸರಣಿಯ ಏಳನೆಯ ಪಂದ್ಯ ಗೆದ್ದು ತನ್ನ ಮೊದಲ ಸ್ಟ್ಯಾನ್ಲಿ ಕಪ್ ಎತ್ತಿತು. ಜನವರಿಯ ಪಟ್ಟಿ ನೋಡಿ ಮಾರುವವರು ಇದನ್ನು ಒಮ್ಮೆ ನೆನೆಸಿಕೊಳ್ಳಬೇಕು. ಮಾರುವ ಮೊದಲು ಗೋಲಿ ಬದಲಾಯಿಸಿ ನೋಡಿದ್ದೀರಾ ಅಂತ ಕೇಳುವುದು ತಮಾಷೆಯಲ್ಲ. ಐಸ್ ಹಾಕಿಯಲ್ಲಿ ಒಬ್ಬ ಗೋಲಿ ಇಡೀ ತಂಡದ ಮುಖವನ್ನೇ ಬದಲಾಯಿಸಬಲ್ಲ.

ಎರಡನೆಯ ಬಗೆಗೆ ಇಬ್ಬರ ಕಥೆ. ಜಾನ್ ಟವಾರೆಸ್ ಐಲ್ಯಾಂಡರ್ಸ್‌ನ ಕ್ಯಾಪ್ಟನ್. 2018ರ ಜೂನ್ ಕೊನೆಗೆ ಒಪ್ಪಂದ ಮುಗಿಯುತ್ತಿತ್ತು. ಫೆಬ್ರವರಿ ಡೆಡ್‌ಲೈನ್‌ನಲ್ಲಿ ತಂಡ ಅವನನ್ನು ಮಾರಲಿಲ್ಲ, ಇಲ್ಲೇ ಉಳಿಯುತ್ತಾನೆ ಅಂತ ನಂಬಿತು. ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಜುಲೈ 1ಕ್ಕೆ ಅವನು ತನ್ನೂರಿನ ಟೊರಾಂಟೊ ಮೇಪಲ್ ಲೀಫ್ಸ್ ಸೇರಿದ, ಏಳು ವರ್ಷಕ್ಕೆ 7.7 ಕೋಟಿ ಡಾಲರ್. ಚಿಕ್ಕವನಿದ್ದಾಗ ಲೀಫ್ಸ್ ಚಿತ್ರದ ಹಾಸಿಗೆ ಬಟ್ಟೆಯಲ್ಲಿ ಮಲಗಿದ್ದ ಫೋಟೊವನ್ನೇ ಅವತ್ತು ಟ್ವಿಟರ್‌ಗೆ ಹಾಕಿದ. ಐಲ್ಯಾಂಡರ್ಸ್‌ಗೆ ಆ ಹಾಸಿಗೆ ಬಟ್ಟೆಯಷ್ಟೂ ಸಿಗಲಿಲ್ಲ. (ಮರುವರ್ಷ ಹೊಸ ಕೋಚ್ ಬ್ಯಾರಿ ಟ್ರಾಟ್ಸ್ ಬಂದು ಅದೇ ತಂಡವನ್ನು ಅಂಕಪಟ್ಟಿಯಲ್ಲಿ 103 ಪಾಯಿಂಟ್‌ಗೆ ಏರಿಸಿದ್ದು ಬೇರೆ ಮಾತು. ಅಂಥ ಕೋಚ್ ಪ್ರತಿ ಬೇಸಿಗೆಯಲ್ಲೂ ಖಾಲಿ ಇರುವುದಿಲ್ಲ.)

ಇನ್ನೊಬ್ಬ ಜರೋಮ್ ಇಗಿನ್ಲಾ. ಕ್ಯಾಲ್ಗರಿ ಫ್ಲೇಮ್ಸ್‌ನ ಮನೆಮಗ ಅನ್ನಬೇಕು, ಆ ತಂಡಕ್ಕೆ 525 ಗೋಲ್ ಹೊಡೆದವನು. 2009ರಿಂದ ತಂಡ ಪ್ಲೇಆಫ್ ಕಂಡಿರಲಿಲ್ಲ. ಪ್ರತಿ ವರ್ಷ ‘ಇನ್ನೊಂದು ಸಲ ನೋಡೋಣ’. ಕಡೆಗೆ 2013ರ ಮಾರ್ಚ್‌ನಲ್ಲಿ ಮಾರಲು ಹೊರಟಾಗ ಅವನಿಗೆ 35 ವರ್ಷ, ಒಪ್ಪಂದದ ಕಡೆಯ ತಿಂಗಳುಗಳು, ಮತ್ತು ಒಪ್ಪಿಗೆಯ ಕೀಲಿಕೈ ಅವನದೇ. ಬಾಸ್ಟನ್‌ಗೆ ಹೋಗುತ್ತಾನೆ ಅಂತ ರಾತ್ರಿ ಸುದ್ದಿ ಹರಡಿತ್ತು. ಅವನು ಪಿಟ್ಸ್‌ಬರ್ಗ್ ಬೇಕು ಅಂದ. ಬಂದದ್ದು ಇಬ್ಬರು ಕಾಲೇಜು ಹುಡುಗರು, ಒಂದು ಮೊದಲ ಸುತ್ತಿನ ಪಿಕ್. ಆ ಪಿಕ್‌ನಲ್ಲಿ ಆರಿಸಿದ ಮಾರ್ಗನ್ ಕ್ಲಿಮ್ಚುಕ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಂದೇ ಒಂದು ಪಂದ್ಯ. ಇಗಿನ್ಲಾಗೂ ಲಾಭವಾಗಲಿಲ್ಲ. ಕಾನ್ಫರೆನ್ಸ್ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನನ್ನು 4-0 ಅಂತರದಲ್ಲಿ ಮನೆಗೆ ಕಳಿಸಿದ್ದು ಬಾಸ್ಟನ್. ಆ ಬೇಸಿಗೆಯಲ್ಲಿ ಇಗಿನ್ಲಾ ಸಹಿ ಹಾಕಿದ್ದೂ ಬಾಸ್ಟನ್‌ಗೇ.

ಪ್ರೀತಿಯಿಂದ ಇಟ್ಟುಕೊಂಡರು, ತಪ್ಪೇನು ಅನ್ನಬಹುದು. ಪ್ರೀತಿ ಇತ್ತು, ಒಪ್ಪುತ್ತೇನೆ. ಆದರೆ ಎರಡು ವರ್ಷ ಮೊದಲು ಮಾರಿದ್ದರೆ ಕ್ಯಾಲ್ಗರಿ ತನ್ನ ಮುಂದಿನ ತಂಡವನ್ನೇ ಆ ಬೆಲೆಯಲ್ಲಿ ಕಟ್ಟಬಹುದಿತ್ತು. ಅವನಿಗೂ ಕಪ್‌ಗಾಗಿ ಇನ್ನೆರಡು ಸೀಸನ್ ಸಿಗುತ್ತಿತ್ತು.

ದಾರಿಯೇ ಇಲ್ಲದಾಗ: ಸಂಬಂಧ ಹಳಸಿದರೆ

ಬಫಲೊ ಸೇಬರ್ಸ್ 2012ರಿಂದ 2025ರ ತನಕ ಸತತ 14 ಸೀಸನ್ ಪ್ಲೇಆಫ್‌ನಿಂದ ಹೊರಗಿತ್ತು. ಲೀಗ್ ದಾಖಲೆ. ಆ ಕಾಲದಲ್ಲಿ ಇಬ್ಬರು ಸ್ಟಾರ್‌ಗಳನ್ನು ಕಳಿಸಿತು, ಇಬ್ಬರೂ ಹೋದ ಕಡೆ ಕಪ್ ಗೆದ್ದರು. ಇದನ್ನು ಓದಿದರೆ ಸೇಬರ್ಸ್ ದಡ್ಡರು ಅನ್ನಿಸುತ್ತದೆ. ಅಷ್ಟು ಸರಳ ಇಲ್ಲ.

ಮೊದಲನೆಯವನು ರಯಾನ್ ಒ’ರೈಲಿ. ಸೋತು ಸೋತು ಆಟದ ಮೇಲಿನ ಪ್ರೀತಿಯೇ ಹೋಗಿತ್ತು ಅಂತ ಅವನೇ 2018ರ ಸೀಸನ್ ಮುಗಿದಾಗ ಹೇಳಿಕೊಂಡ. ಜುಲೈ 1ಕ್ಕೆ ಅವನಿಗೆ 75 ಲಕ್ಷ ಡಾಲರ್ ಬೋನಸ್ ಕೊಡಬೇಕಿತ್ತು. ಅದೇ ದಿನ ಸೇಂಟ್ ಲೂಯಿಸ್‌ಗೆ ಟ್ರೇಡ್ ಆಯಿತು. ಮರುವರ್ಷ ಕಪ್, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ, ಎರಡೂ ಅವನಿಗೆ. ಬಫಲೊಗೆ ಬಂದವರಲ್ಲಿ ಟೇಜ್ ಥಾಂಪ್ಸನ್ ಅನ್ನುವ ಎತ್ತರದ ಹುಡುಗನಿದ್ದ. ಮೂರು ವರ್ಷ ಅವನನ್ನು ನೋಡಿ ನಕ್ಕವರೇ ಜಾಸ್ತಿ. 2022-23ರಲ್ಲಿ ಅವನು 47 ಗೋಲ್ ಹೊಡೆದ. ಟ್ರೇಡ್‌ಗೆ ಒಂದೇ ವರ್ಷದಲ್ಲಿ ಮಾರ್ಕ್ ಹಾಕಬಾರದು ಅನ್ನೋದಕ್ಕೆ ನಾನು ಯಾವಾಗಲೂ ಇವನನ್ನೇ ತೋರಿಸುತ್ತೇನೆ.

ಎರಡನೆಯವನು ಜ್ಯಾಕ್ ಐಕೆಲ್. 2015ರ ಡ್ರಾಫ್ಟ್‌ನ ಎರಡನೆಯ ಪಿಕ್, ಕ್ಯಾಪ್ಟನ್, ವರ್ಷಕ್ಕೆ ಒಂದು ಕೋಟಿ ಡಾಲರ್. 2021ರಲ್ಲಿ ಕುತ್ತಿಗೆಯ ಡಿಸ್ಕ್‌ಗೆ ಪೆಟ್ಟಾಯಿತು. ಕೃತಕ ಡಿಸ್ಕ್ ಹಾಕಿಸಿಕೊಳ್ಳುತ್ತೇನೆ ಅಂದ. ಎನ್‌ಎಚ್‌ಎಲ್ ಆಟಗಾರ ಯಾರೂ ಅಲ್ಲಿಯ ತನಕ ಮಾಡಿಸಿಕೊಂಡಿರದ ಆಪರೇಷನ್. ತಂಡದ ವೈದ್ಯರು ಮೂಳೆಗಳನ್ನು ಬೆಸೆಯುವ ಹಳೆಯ ವಿಧಾನವೇ ಸರಿ ಅಂದರು. ಲೀಗ್‌ನ ಕರಾರಿನಲ್ಲಿ ಕೊನೆಯ ಮಾತು ತಂಡದ್ದು. ಬೇಸಿಗೆಯೆಲ್ಲ ಜಗ್ಗಾಟ. ಕ್ಯಾಪ್ಟನ್ ಪಟ್ಟ ಕಿತ್ತುಕೊಂಡರು. ನವೆಂಬರ್ 4ಕ್ಕೆ ವೇಗಸ್‌ಗೆ ಕಳಿಸಿದರು, ಅಲೆಕ್ಸ್ ಟಕ್, ಪೇಟನ್ ಕ್ರೆಬ್ಸ್ ಮತ್ತು ಎರಡು ಪಿಕ್‌ಗೆ. ವೇಗಸ್ ಅವನು ಕೇಳಿದ ಆಪರೇಷನ್‌ಗೆ ಒಪ್ಪಿತು. 2023ರಲ್ಲಿ ವೇಗಸ್ ಕಪ್ ಗೆದ್ದಾಗ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 26 ಪಾಯಿಂಟ್ ಅವನದು.

ಇಲ್ಲಿ ಸೇಬರ್ಸ್‌ಗೆ ನಿಜವಾದ ಆಯ್ಕೆ ಉಳಿದಿರಲಿಲ್ಲ. ಆಡಲಾರದ, ಆಡಲೊಲ್ಲದ ಸ್ಟಾರ್‌ಗೆ ಒಂದು ಕೋಟಿ ಕೊಡುತ್ತಾ ಕೂರೋಕಾಗಲ್ಲ. ಆದರೂ ಅವರ ಕೈಯಲ್ಲಿ ಒಂದು ಕಾರ್ಡ್ ಇತ್ತು: ಐದು ವರ್ಷದ ಒಪ್ಪಂದ ಬಾಕಿ. ಅದಿಲ್ಲದಿದ್ದರೆ ಟಕ್‌ನಂಥವನು ಸಿಗುತ್ತಲೇ ಇರಲಿಲ್ಲ. ಮತ್ತೆ ಒಪ್ಪಂದದ ಕಾಲಕ್ಕೇ ಬಂದೆವು ನೋಡಿ.

ನಿಮ್ಮ ತಂಡಕ್ಕೆ ಹಾಕಿ ನೋಡಿ

ಹೊಸದಾದ ಉದಾಹರಣೆ ವ್ಯಾಂಕೂವರ್. 2025ರ ಡಿಸೆಂಬರ್ 12ರಂದು, ಪಟ್ಟಿಯ ತಳದಲ್ಲಿದ್ದ ಕನಕ್ಸ್ ತಮ್ಮ ಕ್ಯಾಪ್ಟನ್ ಕ್ವಿನ್ ಹ್ಯೂಸ್‌ನನ್ನು ಮಿನಿಸೋಟಾಗೆ ಕೊಟ್ಟರು. 2024ರ ಶ್ರೇಷ್ಠ ಡಿಫೆನ್ಸ್‌ಮನ್ ಪ್ರಶಸ್ತಿ ಪಡೆದವನು. ಬಂದದ್ದು ಮಾರ್ಕೊ ರೊಸ್ಸಿ, ಝೀವ್ ಬುಯಮ್, ಲಿಯಾಮ್ ಓಗ್ರೆನ್, ಜೊತೆಗೆ 2026ರ ಮೊದಲ ಸುತ್ತಿನ ಪಿಕ್.

ಮೇಲಿನ ದಾರಿಗಳಲ್ಲಿ ಇದು ಯಾವುದು? ಡಿಸೆಂಬರ್‌ನಲ್ಲಿ, ಸೋಲುತ್ತಿರುವಾಗ ಮಾರಿದ್ದರಿಂದ ಮೇಲ್ನೋಟಕ್ಕೆ ಥಾರ್ನ್‌ಟನ್ ಟ್ರೇಡ್‌ನ ಹಾಗೆ ಕಾಣುತ್ತದೆ. ನನಗೆ ಹಾಗನ್ನಿಸಲಿಲ್ಲ. ಹ್ಯೂಸ್‌ನ ಒಪ್ಪಂದ 2027ರ ಬೇಸಿಗೆಯ ತನಕ ಇತ್ತು. ಕೊಳ್ಳುವವರಿಗೆ ಎರಡು ಪ್ಲೇಆಫ್‌ನ ಅವಕಾಶ, ಹಾಗಾಗಿ ಬೆಲೆಗೂ ಬಲ. ಇನ್ನೊಂದು ವರ್ಷ ಕಾದಿದ್ದರೆ ಅದು ಟವಾರೆಸ್ ಕಥೆಯಾಗುತ್ತಿತ್ತು. ಬಂದವರೆಲ್ಲ ಎಳೆಯರು, ಬುಯಮ್‌ಗೆ ಆಗ ಇಪ್ಪತ್ತೇ ವರ್ಷ. ನನ್ನ ಒಂದೇ ತಕರಾರು ಪಿಕ್ ಬಗ್ಗೆ. ಅದು ಅದೇ ಸೀಸನ್‌ನದ್ದು. ಹ್ಯೂಸ್ ಬಂದ ಮೇಲೆ ಮಿನಿಸೋಟಾ ಆ ವರ್ಷವೇ ಕುಸಿಯುವುದು ಕಷ್ಟ. 2028ರದ್ದು ಕೇಳಬಹುದಿತ್ತು.

ನಿಮ್ಮ ತಂಡದ ಬಗ್ಗೆ ಸುದ್ದಿ ಬಂದಾಗಲೂ ಇದೇ ಕ್ರಮದಲ್ಲಿ ನೋಡಿ. ಒಪ್ಪಂದ ಎರಡು ವರ್ಷಕ್ಕಿಂತ ಜಾಸ್ತಿ ಇದ್ದರೆ ಆತುರ ಬೇಡ, ಮೊದಲು ಕೋಚ್, ಗೋಲಿ. ಒಂದರಿಂದ ಎರಡು ವರ್ಷ ಇದ್ದು, ಆಟಗಾರ ಹೊಸ ಸಹಿಗೆ ಮೀನಮೇಷ ಎಣಿಸುತ್ತಿದ್ದರೆ ಅದೇ ಮಾರುವ ಹೊತ್ತು. ಕೆಲವೇ ತಿಂಗಳಿದ್ದರೆ ಸಿಕ್ಕಷ್ಟು ತಗೊಳ್ಳಿ. ಸಂಬಳದ ಅರ್ಧದವರೆಗೆ ಹಳೆಯ ತಂಡವೇ ಹೊತ್ತುಕೊಳ್ಳಬಹುದು ಅನ್ನುವ ನಿಯಮ ಇದೆ. ಹೊತ್ತುಕೊಂಡರೆ ಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ, ಒಂದು ಪಿಕ್ ಜಾಸ್ತಿ ಬರುತ್ತದೆ. ಸೋಲುತ್ತಿರುವ ತಂಡಕ್ಕೆ ಹೇಗೂ ಕ್ಯಾಪ್‌ನಲ್ಲಿ ಜಾಗ ಇರುತ್ತದೆ, ಅದನ್ನೇ ಮಾರಬಹುದು.

ಅಭಿಮಾನಿಯ ಎದೆಗೆ ಮಾತ್ರ ಈ ಲೆಕ್ಕ ಯಾವುದೂ ತಾಗುವುದಿಲ್ಲ. 2022ರ ಮಾರ್ಚ್ 10ರಂದು ಐಕೆಲ್ ವೇಗಸ್ ಅಂಗಿ ಹಾಕಿಕೊಂಡು ಬಫಲೊಗೆ ಬಂದ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರುವ ಬಿಲ್ಲೆ) ಅವನ ಕೋಲಿಗೆ ತಾಗಿದಾಗಲೆಲ್ಲ ಇಡೀ ಸ್ಟೇಡಿಯಂ ‘ಬೂ’ ಅಂದಿತು. ಆ ವರ್ಷ ಅಲ್ಲಿ ಅಷ್ಟು ಸದ್ದು ಕೇಳಿರಲೇ ಇಲ್ಲ. ಕಡೆಯ ಕ್ಷಣಗಳಲ್ಲಿ ಇನ್ನೊಬ್ಬ ಆಟಗಾರನನ್ನು ಇಳಿಸಲು ವೇಗಸ್ ಗೋಲಿಯನ್ನು ಹೊರಗೆ ಕರೆದುಕೊಂಡಿತ್ತು. ಐಕೆಲ್‌ನ ಕೋಲಿನಿಂದ ಪಕ್ ಕಸಿದವನು ಅಲೆಕ್ಸ್ ಟಕ್, ಅವನ ಬದಲಿಗೇ ಬಂದ ಹುಡುಗ. ಖಾಲಿ ಗೋಲ್‌ಗೆ ಹೊಡೆದ. ಸೇಬರ್ಸ್ 3-1ರಿಂದ ಗೆದ್ದಿತು.